ಅಣ್ಣನ ನಳ, ತಮ್ಮನ ಫ್ಯಾನು

ನಿವೃತ್ತನೊಬ್ಬ ತನ್ನ ಅನುಭವ ಬರೆಯುತ್ತಾನೆ ಎಂದಕೂಡಲೇ ಬೋಳುತಲೆ, ದಪ್ಪ ಕನ್ನಡಕ, ಹೆಗಲ ಮೇಲೊಂದು ಸನ್ಮಾನದ ಶಾಲು ಇಷ್ಟನ್ನು ನೀವು ಕಣ್ಣಮುಂದೆ ತಂದುಕೊಂಡಿರುತ್ತೀರಿ. ತೆಗೆದಿಡಿ. ನನಗಿನ್ನೂ ನಲವತ್ತಾಗಿಲ್ಲ, ಕೂದಲು ಪೂರ್ತಿ ಇದೆ, ಶಾಲು ಇದುವರೆಗೆ ಯಾರೂ ಹೊದಿಸಿಲ್ಲ. ಹೊನ್ನಾವರದ ಪಕ್ಕದ ಕಾಸರಕೋಡದಲ್ಲಿ ಮೀನು ಒಣಗಿಸುವ ಶೆಡ್ಡಿಗೆ ದೀಪ ಹಾಕುತ್ತಿದ್ದಾಗ ಏಣಿ ಜಾರಿತು. ಬಿದ್ದದ್ದು ಒಣಮೀನಿನ ರಾಶಿಯ ಮೇಲಾದ್ದರಿಂದ ತಲೆ ಉಳಿಯಿತು, ಬಲಭುಜ ಉಳಿಯಲಿಲ್ಲ. ಈಗ ಆ ಕೈ ಕಿವಿಯ ತನಕ ಏಳುತ್ತದೆ, ಮೇಲೆ ಏಳುವುದಿಲ್ಲ. ಕಿವಿಯ ತನಕ ಏಳುವ ಕೈ ಫೋನು ಹಿಡಿಯಲು ಸಾಕು, ಮನೆ ವಯರಿಂಗಿಗೆ ಸಾಲದು. ಹಾಗಾಗಿ ಹೊನ್ನಾವರದ ಪೇಟೆಯಲ್ಲಿ ಸ್ವಿಚ್ಚು, ಬಲ್ಬು, ವಯರು ಮಾರುತ್ತ ಕೂತಿದ್ದೇನೆ.

ಅಂಗಡಿಗೆ ಐಟಿಐ ಮುಗಿಸಿದ ಹುಡುಗರು ಬರುತ್ತಾರೆ. ಸಾಮಾನು ಕಟ್ಟಿಸಿಕೊಂಡ ಮೇಲೂ ಹೋಗುವುದಿಲ್ಲ. ಕೊನೆಗೆ ಒಬ್ಬ ಬಾಯಿ ಬಿಡುತ್ತಾನೆ: "ನಾಗೇಶಣ್ಣ, ಒಂದು ಹಳೇ ಮನೆ ಕೆಲ್ಸ ಬಂದದೆ. ಹಿಡೂದಾ, ಬಿಡೂದಾ?" ಎದುರಿಗೆ ನಿಂತು ಹೇಳುವಷ್ಟು ಹೇಳುತ್ತೇನೆ, ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದು ಬ್ಯಾಟರಿ ಕೇಳುತ್ತಾನೆ. ಉಳಿದದ್ದು ಇಲ್ಲಿದೆ.

ಶುರುವಿಗೇ ಒಂದು ಎಚ್ಚರಿಕೆ. ನನಗೊಂದು ರೋಗವಿದೆ. ಯಾರಾದರೂ ಸ್ವಲ್ಪ ಹೊತ್ತು ನನ್ನೆದುರು ಮಾತಾಡಿದರೆ ಆ ಮನುಷ್ಯ ನನ್ನ ಗಂಟಲಲ್ಲಿ ಚಾಪೆ ಹಾಸಿ ಕೂತುಬಿಡುತ್ತಾನೆ. ಆಮೇಲೆ ನಾನು ಬಾಯಿ ತೆರೆದರೆ ಹೊರಗೆ ಬರುವುದು ಅವನೇ. ಶಾಲೆಯಲ್ಲಿ ಹೆಡ್ಮಾಸ್ತರರ ದನಿಯಲ್ಲಿ ಅರ್ಧ ದಿನ ರಜೆ ಸಾರಿದ್ದೆ. ಅದಕ್ಕೆ ಅವರ ಕೈಯಿಂದ ಬಿದ್ದ ಪೆಟ್ಟಿನ ಸದ್ದನ್ನೂ ನಾನು ಈಗಲೂ ಸರಿಯಾಗಿ ಮಾಡಿ ತೋರಿಸಬಲ್ಲೆ.

ನನ್ನ ಮೇಲಿನವರು ಅಂದರೆ ದತ್ತಣ್ಣ ಒಬ್ಬರೇ. ಅವರ ಕೈಕೆಳಗೇ ನಾನು ಕೆಲಸ ಕಲಿತದ್ದು, ಕೊನೆಯವರೆಗೂ ಅವರ ಕೈಕೆಳಗೇ ಉಳಿದದ್ದು. ಬಡ್ತಿ ಎಂದು ಏನಾದರೂ ಆಗಿದ್ದರೆ, ಮೊದಲು ಏಣಿ ಹಿಡಿಯುತ್ತಿದ್ದವನು ಆಮೇಲೆ ಏಣಿ ಹತ್ತಿದೆ, ಅಷ್ಟೇ. ಅದರ ಫಲವನ್ನು ಮೇಲೆ ಬರೆದಿದ್ದೇನೆ. ದತ್ತಣ್ಣನ ಮನೆಮಾತು ಕೊಂಕಣಿ, ಸಿಟ್ಟಿನ ಮಾತು ಮರಾಠಿ, ಗಿರಾಕಿಗಳ ಜೊತೆ ಕನ್ನಡ. ಶರ್ಟಿನ ಜೇಬಲ್ಲಿ ಸದಾ, ಕರೆಂಟು ಮುಟ್ಟಿದರೆ ದೀಪ ಉರಿಸಿ ತೋರಿಸುವ ಟೆಸ್ಟರು. ಮದುವೆಮನೆಗೆ ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡು ಹೋದಾಗಲೂ ಅದು ಅಲ್ಲೇ ಇರುತ್ತಿತ್ತು; ವಧೂವರರಿಗೆ ಅಕ್ಷತೆ ಹಾಕಿ ಬರುವ ದಾರಿಯಲ್ಲಿ ಮಂಟಪದ ಕಂಬವನ್ನೊಮ್ಮೆ ಮುಟ್ಟಿ ನೋಡಿಯೇ ಊಟಕ್ಕೆ ಕೂರುತ್ತಿದ್ದರು. ಯಾರ ಮಾತನ್ನೂ ನಂಬುವವರಲ್ಲ. "ಮೇನ್ ತೆಗೆದಿದ್ದೇನೆ" ಎಂದು ನೀವು ದೇವರ ಮೇಲೆ ಆಣೆ ಹಾಕಿದರೂ ಹೋಗಿ ಫ್ಯೂಸನ್ನು ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡೇ ಏಣಿಯ ಹತ್ತಿರ ಬರುತ್ತಿದ್ದರು. ಎಷ್ಟೋ ಸಲ ಅದನ್ನು ಜೇಬಲ್ಲೇ ಮರೆತು ಮನೆಗೆ ಹೋಗಿ, ಗಿರಾಕಿ ಕತ್ತಲಲ್ಲಿ ಕೂತು ಫೋನು ಮಾಡಿ ಬೈದದ್ದೂ ಇದೆ. ನೀವು ಆ ಜೇಬಿನ ಅಭ್ಯಾಸವನ್ನು ಕಲಿಯಿರಿ, ಮರೆವನ್ನು ಬಿಡಿ.

ಹೊಸ ಮನೆಯ ಕೆಲಸದಲ್ಲಿ ಕಥೆಯಿಲ್ಲ. ಗೋಡೆ ಏಳುವಾಗಲೇ ಪೈಪು ಹೂತಿರುತ್ತಾರೆ, ನೀವು ವಯರು ಎಳೆದು ಬಂದರಾಯಿತು. ಹಳೇ ಮನೆಯೆಂದರೆ ಚಿರೇಕಲ್ಲಿನ ಗೋಡೆ, ಮಣ್ಣಿನ ಗಾರೆ, ಉಪ್ಪುಗಾಳಿ ತಿಂದ ಮೊಳೆ, ಮರದ ಪಟ್ಟಿಯ ಮೇಲೆ ಅಜ್ಜನ ಕಾಲದ ವಯರು. ಅದರ ಜೊತೆಗೆ ಆ ಮನೆಯವರ ನಂಬಿಕೆಗಳು.

ಮಿರ್ಜಾನದ ಒಬ್ಬ ಯಜಮಾನರು ನಮ್ಮನ್ನು ಕರೆಸಿ ಮೊದಲು ಹೇಳಿದ ಮಾತು: "ನಮ್ಮನೆ ವಯರಿಂಗ್ ಎಂಥಾ ಗಟ್ಟಿ ಗೊತ್ತುಂಟ? ನಮ್ಮಪ್ಪ ಹಾಕಿಸ್ದಲ್ಲಿಂದ ಇಲ್ಲಿವರಿಗೆ ಒಂದ್ಸಲ ಫ್ಯೂಸ್ ಹೋದದ್ದಿಲ್ಲ!" ದತ್ತಣ್ಣ ಫ್ಯೂಸ್ ಕಿತ್ತು ಬೆಳಕಿಗೆ ಹಿಡಿದರು. ತೆಳುವಾದ ತಂತಿ ಇರಬೇಕಾದಲ್ಲಿ ಸೈಕಲ್ಲಿನ ಕಡ್ಡಿಯೊಂದನ್ನು ಬಗ್ಗಿಸಿ ಕೂರಿಸಿದ್ದರು. ದತ್ತಣ್ಣ ಅದನ್ನು ಯಜಮಾನರ ಅಂಗೈಯಲ್ಲಿಟ್ಟು, "ಒಡ್ಯಾ, ಇದು ಹೋಗ್ಬೇಕಾದ್ರೆ ಮೊದ್ಲು ನಿಮ್ಮನೆ ಹೋಗ್ಬೇಕು" ಎಂದರು. ಯಜಮಾನರು ಕಡ್ಡಿಯನ್ನು ತಿರುಗಿಸಿ ನೋಡಿ, "ಹಂಗಾರೆ ಅಪ್ಪನ ಸೈಕಲ್ಲು ಓಲಾಡ್ತಿದ್ದದ್ದು ಇದ್ಕೇಯ" ಎಂದರು. ಒಂದೇ ಸಲಕ್ಕೆ ಎರಡು ರಿಪೇರಿ.

ಭಟ್ಕಳದಲ್ಲೊಂದು ದೊಡ್ಡ ಹಳೇ ಮನೆ. ಅಲ್ಲಿನ ಹಿರಿಯಮ್ಮ ಕೊಂಕಣಿಯ ತಂಗಿಯಂಥ ನವಾಯತಿಯಲ್ಲಿ ಹೇಳುವುದು, ದತ್ತಣ್ಣ ಕೊಂಕಣಿಯಲ್ಲಿ ಉತ್ತರಿಸುವುದು, ಇಬ್ಬರಿಗೂ ಎಲ್ಲ ಅರ್ಥವಾಗುವುದು. ನಾನೊಬ್ಬನೇ ನಡುವೆ ಕನ್ನಡಿಗನಾಗಿ ನಿಂತಿದ್ದೆ. ಹಳೆಯ ಸ್ವಿಚ್ಚುಗಳು ತಲೆಯಷ್ಟು ಎತ್ತರದಲ್ಲಿದ್ದವು. ಈಗಿನ ಪದ್ಧತಿಯಂತೆ ಕೆಳಗಿಳಿಸಿ, ಬಾಗಿಲ ಇನ್ನೊಂದು ಬದಿಗೆ ಚಂದವಾಗಿ ಕೂರಿಸಿ, ಬೀಗುತ್ತ ಬಂದೆ. ಆಮೇಲೆ ಹಿರಿಯಮ್ಮನ ಫೋನು. ಮನೆಮಂದಿಯೆಲ್ಲ ಕತ್ತಲಾದೊಡನೆ ಹಳೆಯ ಜಾಗದಲ್ಲೇ ಖಾಲಿ ಗೋಡೆ ತಟ್ಟುತ್ತಿದ್ದಾರಂತೆ, ಅಂಗೈ ಕೆಂಪಾಗಿದೆಯಂತೆ, ಮೊಮ್ಮಕ್ಕಳಂತೂ ಅಜ್ಜಿ ಗೋಡೆ ತಟ್ಟುವುದನ್ನು ನೋಡಲು ಕಾದು ಕೂರುತ್ತಾರಂತೆ. ವಾಪಸು ಹೋಗಿ ಎಲ್ಲವನ್ನೂ ಹಳೆಯ ಜಾಗಕ್ಕೇ ಏರಿಸಿದೆ. ವಯರು ಬದಲಿಸಿ, ಸ್ವಿಚ್ಚು ಬದಲಿಸಿ, ಆದರೆ ಕೈ ಹೋಗಿ ಅಭ್ಯಾಸವಾದ ಜಾಗವನ್ನು ಕೇಳದೆ ಬದಲಿಸಬೇಡಿ.

ಇವೆಲ್ಲ ನಗುವ ಕೆಲಸಗಳು. ಹಳದೀಪುರದ ಕೆಲಸದಲ್ಲಿ ನಾನು ನಕ್ಕದ್ದು ಕೊನೆಯಲ್ಲಿ ಮಾತ್ರ.

ಹಳದೀಪುರದಲ್ಲಿ ಹೆದ್ದಾರಿಯ ಬದಿಗೆ ಸುಬ್ರಾಯ ನಾಯ್ಕರ ಕಿರಾಣಿ ಅಂಗಡಿ. ಹಿಂದುಗಡೆ ತೆಂಗಿನ ತೋಟದೊಳಗೆ ಅವರ ಮನೆ. ಅವರೂ ತಮ್ಮ ತಿಮ್ಮಪ್ಪನೂ ಸೇರಿ ಮನೆಯನ್ನು ನಡುವೆ ಗೋಡೆ ಹಾಕಿ ಹಿಸ್ಸೆ ಮಾಡಿಕೊಂಡಿದ್ದರು. ಹಿಸ್ಸೆ ಎಂದರೆ ಜಗಳವೇ ಆಗಬೇಕೆಂದಿಲ್ಲ. ಇವರದ್ದು ನಗುನಗುತ್ತಲೇ ಆಗಿತ್ತು. ಒರಳುಕಲ್ಲು ಅಣ್ಣನಿಗೆ, ಬೀಸುಕಲ್ಲು ತಮ್ಮನಿಗೆ, ಬಾವಿ ಇಬ್ಬರಿಗೂ. ಜಗಲಿಯ ನಡುವೆ ಎದ್ದ ಗೋಡೆ ಮಾಡಿನ ತನಕ ಹೋಗಿರಲಿಲ್ಲ. ಮೇಲೆ ತೊಲೆಯೂ ಹಂಚೂ ಒಂದೇ. ಹಾಗಾಗಿ ಈಚೆ ಸಾಸಿವೆ ಸಿಡಿದರೆ ಆಚೆ ಸೀನು. ತಿಮ್ಮಪ್ಪ ಬೇರೆ ಮೀಟರು ಹಾಕಿಸಿಕೊಂಡ. ಬಾಡಿಗೆ ಟೆಂಪೋ ಓಡಿಸುತ್ತಿದ್ದ.

ಜಗಳ ಆದದ್ದು ಅಣ್ಣನ ಬಚ್ಚಲಮನೆಯ ನಳದಿಂದ. ಹಿಸ್ಸೆಯಾಗಿ ಎಷ್ಟೋ ಮಳೆಗಾಲ ಕಳೆದ ಮೇಲೆ ಆ ನಳ ಮುಟ್ಟಿದರೆ ಜುಮ್ ಎನ್ನಲು ಶುರುವಾಯಿತು. ಕೆಲವೊಮ್ಮೆ ಏನೂ ಇಲ್ಲ, ಕೆಲವೊಮ್ಮೆ ಮೊಣಕೈಯ ತನಕ. ಸುಬ್ರಾಯ ನಾಯ್ಕರು ತಮ್ಮ ಮೇನ್ ತೆಗೆದು ನೋಡಿದರು. ಆಗ ಇನ್ನೂ ಜೋರಾಗಿ ಹೊಡೆಯಿತು! ತನ್ನ ಮನೆಯಲ್ಲಿ ಕರೆಂಟೇ ಇಲ್ಲದಾಗಲೂ ನಳ ಹೊಡೆಯುತ್ತದೆ ಎಂದರೆ ಬರುವುದು ಎಲ್ಲಿಂದ? ಅವರು ಊರ ನಾಲ್ಕು ಹಿರಿಯರೆದುರು, "ತಿಮ್ಮಪ್ಪ ನಮ್ಮ ನಳಕ್ಕೆ ಕರೆಂಟು ಬಿಡ್ತ" ಎಂದುಬಿಟ್ಟರು. ಅಂದಿನಿಂದ ಅಣ್ಣತಮ್ಮ ಮಾತು ಬಿಟ್ಟರು. ಒಂದೇ ಹಂಚಿನ ಕೆಳಗೆ, ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಕೇಳುತ್ತ, ಮಾತಿಲ್ಲದೆ ವರ್ಷಗಳೇ ಕಳೆದವು.

ಸುಬ್ರಾಯ ನಾಯ್ಕರ ಹೆಂಡತಿ ನಾಗವೇಣಕ್ಕ ಆ ನಳಕ್ಕೆ ತಾನೇ ಒಂದು ಉಪಾಯ ಮಾಡಿಕೊಂಡಿದ್ದಳು. ರಬ್ಬರ್ ಚಪ್ಪಲಿ ಹಾಕಿಕೊಂಡು, ಮರದ ಮಣೆಯ ಮೇಲೆ ನಿಂತು, ತೆಂಗಿನ ಚಿಪ್ಪಿನ ಸೌಟಿನ ಮರದ ಹಿಡಿಯಿಂದ ನಳ ತಿರುಗಿಸುವುದು. ನಾವು ಹೋದ ದಿನ ಅದನ್ನು ಮಾಡಿ ತೋರಿಸಿದಳು. ನಾನು ನಗಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಹೇಳಿದಳು:

"ನಗು ತಮಾ, ನಗು. ನಂಗೆ ಜುಮ್ ಅಂದ್ರೆ ನಾ ತಡ್ಕಂತೆ. ನಮ್ಮ ಮಗಳು ಸವಿತಾ ಕುಮಟೆ ಆಸ್ಪತ್ರೆಲಿ ಹೆತ್ಕಂಡು ಮಲಗಿದಾಳೆ. ಆಪರೇಷನ್ ಆದದ್ದು, ಅದ್ಕೆ ನಾಲ್ಕು ದಿನ ಇಟ್ಕಂಡಿದಾರೆ. ಬಿಟ್ಟಕೂಡ್ಲೆ ಬಾಣಂತನಕ್ಕೆ ಇಲ್ಲಿಗೇ ಬರೂದು. ಆ ಹಸಿ ಬಾಣಂತಿ, ಆ ಬೆರಳಷ್ಟು ಮಗು, ಈ ಬಚ್ಚಲಲ್ಲಿ ನೀರು ಮೀಯೂದು ಹೆಂಗೆ? ಹೇಳು."

ಬಾಯಿ ಮುಚ್ಚಿದೆ.

ಮನೆಯಿಡೀ ವಯರು ಬದಲಿಸುವಷ್ಟು ಸಮಯವಿರಲಿಲ್ಲ. ಮೊದಲು ಮೇನ್ ಬೋರ್ಡು ಮತ್ತು ಬಚ್ಚಲಮನೆ, ಬಾಣಂತಿಯ ಕೋಣೆ. ಜಗಲಿ, ಅಡುಗೆಮನೆ ಆಮೇಲೆ ಎಂದು ದತ್ತಣ್ಣ ನಿಶ್ಚಯಿಸಿದರು. ಜಗಲಿಯ ಮೇಲಿನ ತೊಲೆಯಲ್ಲಿ ಮಸಿ ಹಿಡಿದ ಹಳೆಯ ವಯರುಗಳಿದ್ದವು. ಸುಬ್ರಾಯ ನಾಯ್ಕರು ಬೆರಳೆತ್ತಿ, "ಅದು ಗೋಡೆ ದಾಟಿ ಹೋಗ್ತದೆ, ಅವನ ಪಾಲಿಂದು. ಮುಟ್ಬೇಡಿ. ನಾಳೆ ಅದ್ಕೂ ಪಂಚಾಯ್ತಿ ಆಗೂದು ಬೇಡ" ಎಂದರು. ಮುಟ್ಟಲಿಲ್ಲ.

ಇಲ್ಲಿ ನಮ್ಮ ಕೆಲಸದ ಹೊಸ ಪದ್ಧತಿಯ ಬಗ್ಗೆ ಸ್ವಲ್ಪ. ಹಿಂದೆ ಫ್ಯೂಸು ಒಂದೇ ಕಾವಲು. ಅದು ಮನೆಯನ್ನು ಬೆಂಕಿಯಿಂದ ಕಾಯುತ್ತದೆ, ಮನುಷ್ಯನನ್ನು ಶಾಕಿನಿಂದ ಕಾಯುವುದಿಲ್ಲ. ಈಗ ಆರ್‌ಸಿಸಿಬಿ ಎಂಬ ಪೆಟ್ಟಿಗೆ ಹಾಕುತ್ತೇವೆ. ನಮ್ಮ ಕಡೆ ಎಲ್ಲರಿಗೂ ಅದು ಟ್ರಿಪ್ಪರು. ಒಂದು ವಯರಲ್ಲಿ ಎಷ್ಟು ಕರೆಂಟು ಮನೆಯೊಳಗೆ ಹೋಯಿತೋ ಅಷ್ಟೇ ಇನ್ನೊಂದು ವಯರಲ್ಲಿ, ಅಂದರೆ ನ್ಯೂಟ್ರಲ್ಲಿನಲ್ಲಿ, ಹಿಂದಿರುಗಬೇಕು. ಒಂದು ಚೂರು ಹೆಚ್ಚುಕಡಿಮೆಯಾದರೂ ಟ್ರಿಪ್ಪರು ಟಕ್ಕೆಂದು ಬಿದ್ದು ಎರಡೂ ದಾರಿ ಕಡಿಯುತ್ತದೆ.

ನಾನು ಅದನ್ನು ಕೂರಿಸಿ, ನಾಗವೇಣಕ್ಕನನ್ನು ಕರೆದು, ಔಷಧ ಮಾರುವವನ ದನಿಯಲ್ಲಿ ಭಾಷಣ ಮಾಡಿದೆ: "ಇನ್ನು ಈ ಮನೆಯಲ್ಲಿ ಇರುವೆಗೂ ಶಾಕ್ ಹೊಡೆಯದು!" ಮೇನ್ ಹಾಕಿದೆ. ದೀಪ ಹತ್ತಿತು. ನಾಗವೇಣಕ್ಕ ಕೈಮುಗಿದಳು.

ಟಕ್.

ಮತ್ತೆ ಹಾಕಿದೆ. ನಿಲ್ಲಲೇ ಇಲ್ಲ, ಟಕ್. ಪೆಟ್ಟಿಗೆಯೇ ಹಾಳು ಎಂದು ಕಂಪನಿಗೆ ಬೈದು, ಬಸ್ಸು ಹಿಡಿದು ಹೊನ್ನಾವರಕ್ಕೆ ಹೋಗಿ ಹೊಸತು ತಂದು ಹಾಕಿದೆ. ಸಂಜೆ ನಾವು ಹೊರಡುವ ತನಕ ಸರಿಯಿತ್ತು. ಮರುದಿನ ಮಧ್ಯಾಹ್ನ ಟಕ್. ಅದಕ್ಕಿಂತ ಕೆಟ್ಟದ್ದೆಂದರೆ, ಟ್ರಿಪ್ಪರು ಬಿದ್ದಾಗಲೆಲ್ಲ ನಳ ಮೊದಲಿಗಿಂತ ಜೋರಾಗಿ ಹೊಡೆಯುತ್ತಿತ್ತು. ನಾಗವೇಣಕ್ಕನ ಸೌಟು ಮತ್ತೆ ಹೊರಗೆ ಬಂತು. ಇರುವೆಯ ಬಗ್ಗೆ ಆಕೆ ಏನೂ ಕೇಳಲಿಲ್ಲ, ಅದು ಆಕೆಯ ದೊಡ್ಡಗುಣ.

ಗುಟ್ಟು ಹಿಡಿದದ್ದು ಸುಬ್ರಾಯ ನಾಯ್ಕರ ಕಿವಿ. "ಕೇಳಿ, ಕೇಳಿ" ಎಂದು ಬೆರಳು ಮೇಲೆತ್ತಿದರು. ಗೋಡೆಯಾಚೆ ಫ್ಯಾನೊಂದು ಕಟ ಕಟ ಕಟ ಎನ್ನುತ್ತಿತ್ತು. "ಅವಂಗೆ ಊಟ ಆತು. ಫ್ಯಾನ್ ಹಾಕ್ಕಂಡು ಮಲಗ್ದ. ನಮ್ಮನೆ ಕರೆಂಟು ಬಿತ್ತು. ನಾ ಆವತ್ತು ಹೇಳದ್ದು ಸುಳ್ಳ?"

ದತ್ತಣ್ಣ ತಲೆ ಕೆರೆದುಕೊಂಡರು. "ಆ ಫ್ಯಾನ್ ಒಂದ್ಸಲ ಬಂದ್ ಮಾಡಿ, ಮತ್ತೆ ಹಾಕಿ ನೋಡ್ಬೇಕು. ತಿಮ್ಮಪ್ಪಂಗೆ ಹೇಳಿ."

"ನಾ ಹೇಳೂದಿಲ್ಲ. ಬೇಕಾದ್ರೆ ಈ ನಾಗೇಶ ಹೋಗ್ಲಿ."

ಅಂಗಳ ಸುತ್ತಿ ಆಚೆಮನೆಗೆ ಹೋದೆ. ತಿಮ್ಮಪ್ಪ ಬನಿಯನ್ನಿನಲ್ಲಿ, ಫ್ಯಾನಿನ ಕೆಳಗೆ ಚಾಪೆಯ ಮೇಲಿದ್ದ. ವಿಷಯ ಹೇಳುವಷ್ಟರಲ್ಲಿ ನನ್ನ ರೋಗ ಕೆದರಿತು. "ಆ ಫ್ಯಾನ್ ಒಂದ್ಸಲ ಬಂದ್ ಮಾಡ್ಬೇಕು" ಎಂಬುದು ಸುಬ್ರಾಯ ನಾಯ್ಕರ ದನಿಯಲ್ಲೇ, ಅವರು ವಾಕ್ಯದ ಕೊನೆಗೆ ಮೂಗಲ್ಲಿ ಎಳೆಯುವ ಎಳೆತದ ಸಮೇತ ಬಂತು. ತಿಮ್ಮಪ್ಪ ಎದ್ದು ಕೂತ. ಅರ್ಧ ಕ್ಷಣ ನಗು ಬಂದಂತಾಗಿ, ಆಮೇಲೆ ಮುಖ ಗಂಟಾಯಿತು. ನಾನೇ ಅಣ್ಣನೆಂಬಂತೆ ನನ್ನ ಮೇಲೆ ಹರಿಹಾಯ್ದ:

"ಊರೆದ್ರು ಕರೆಂಟು ಬಿಡ್ತ ಅಂದದ್ದು ಸಾಕಾಗ್ಲಿಲ್ವ ನಿಂಗೆ? ನನ್ ಮನೆ, ನನ್ ಮೀಟರು, ನನ್ ಫ್ಯಾನು! ಬಂದ್ ಮಾಡೂದಿಲ್ಲ. ಬೇಕಾದ್ರೆ ನೀನೇ ಬಂದು ಕೇಳು, ಈ ಮಂಗನ್ನ ಕಳ್ಸಬೇಡ!"

ಮಂಗ ವಾಪಸು ಬಂದು ಆ ಮಾತನ್ನು ತಿಮ್ಮಪ್ಪನ ದನಿಯಲ್ಲೇ ಒಪ್ಪಿಸಿತು. ಸುಬ್ರಾಯ ನಾಯ್ಕರು, "ಹೋಗಿ ಹೇಳು ಅವಂಗೆ..." ಎಂದು ಶುರುಮಾಡಿದರು. ಹೀಗೆ ಅಂಗಳ ಸುತ್ತಿ ಸುತ್ತಿ ಅಣ್ಣನ ಬೈಗುಳ ತಮ್ಮನಿಗೂ ತಮ್ಮನದ್ದು ಅಣ್ಣನಿಗೂ ಹೊತ್ತೆ. ಗೋಡೆಯ ಮೇಲಿಂದ ಇಬ್ಬರಿಗೂ ಎಲ್ಲ ಕೇಳಿಯೇ ಇರುತ್ತಿತ್ತು. ನಾನು ತಲುಪುವ ಮೊದಲೇ ಉತ್ತರ ತಯಾರಾಗಿರುತ್ತಿತ್ತು. ದತ್ತಣ್ಣ ಕೊನೆಗೆ, "ಬಿಡು ನಾಗ್ಯಾ, ನಿನ್ ಚಪ್ಪಲಿ ಸವೆಯೂದು" ಎಂದರು.

ಆಚೆ ತಿಮ್ಮಪ್ಪ ಮತ್ತೆ ಮಲಗಿ, ಗೊರಕೆಯೂ ಶುರುವಾಯಿತು. ಆಗ ಫೋನು ಬಂತು. ನಾಗವೇಣಕ್ಕ ಕಿವಿಗಿಟ್ಟುಕೊಂಡು "ಹಾಂ... ಹಾಂ..." ಎಂದವಳು ಫೋನು ಕೆಳಗಿಟ್ಟು ಬಚ್ಚಲಬಾಗಿಲಲ್ಲೇ ಕುಸಿದು ಕೂತಳು.

"ಸವಿತಾಳ್ನ ನಾಳೆ ಬಿಡ್ತ್ರಂತೆ."

ಟ್ರಿಪ್ಪರು ಬಿದ್ದೇ ಇತ್ತು. ಮನೆಯೊಳಗೆ ಕರೆಂಟಿಲ್ಲ. ನಾನು ನಳದ ಹತ್ತಿರ ಕೂತು ಟೆಸ್ಟರು ಮುಟ್ಟಿಸಿದ್ದೆ. ಕರೆಂಟಿಲ್ಲದ ಮನೆಯ ನಳದ ಮೇಲೆ ಟೆಸ್ಟರಿನ ಪುಟ್ಟ ದೀಪ ಕೆಂಪಗೆ ಉರಿಯುತ್ತಿತ್ತು. ಗೋಡೆಯಾಚೆ ಕಟ ಕಟ ಕಟ. ನಾಗವೇಣಕ್ಕ ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಯೋಚಿಸಿ ಮಾಡಿದ್ದಲ್ಲ. ಯೋಚಿಸಿದ್ದರೆ ಹೆದರಿ ಸುಮ್ಮನಾಗುತ್ತಿದ್ದೆ. ನನ್ನ ಬಾಯಿಂದ ಸುಬ್ರಾಯ ನಾಯ್ಕರ ದನಿ ಗೋಡೆಯ ಮೇಲೆ ಹಾರಿಹೋಯಿತು, ಸಿಟ್ಟಿನದ್ದಲ್ಲ, ಅಂಗಡಿಯಲ್ಲಿ ಮಕ್ಕಳಿಗೆ ಪೆಪ್ಪರಮಿಂಟು ಕೊಡುವಾಗಿನ ದನಿ:

"ತಮಾ, ಆ ಫ್ಯಾನು ಒಂಚೂರು ಬಂದ್ ಮಾಡೋ."

ಆಚೆಯಿಂದ, ನಿದ್ದೆಗಣ್ಣಿನ ದನಿಯೊಂದು, ತಕ್ಷಣ:

"ಹಾಂ ಅಣ್ಣಾ."

ಕಟ ಕಟ ನಿಧಾನವಾಯಿತು. ಕಟ... ಕಟ... ನಿಂತಿತು. ನನ್ನ ಕೈಯಲ್ಲಿ ಟೆಸ್ಟರು ಆರಿತು.

ದತ್ತಣ್ಣ ಆರಿದ ಟೆಸ್ಟರನ್ನೇ ನೋಡುತ್ತಿದ್ದರು. ಸುಬ್ರಾಯ ನಾಯ್ಕರು ಮಾತ್ರ ಗೋಡೆ ನೋಡುತ್ತಿದ್ದರು. ಆ "ಹಾಂ ಅಣ್ಣಾ" ಕೇಳಿ ಅವರಿಗೆ ಎಷ್ಟು ಕಾಲವಾಗಿತ್ತೋ.

ಆಚೆಮನೆಯಲ್ಲಿ ತಿಮ್ಮಪ್ಪನಿಗೂ ಈಗ ಎಚ್ಚರ ಪೂರ್ತಿಯಾಗಿರಬೇಕು. ಬಾಗಿಲು ದಡಕ್ಕೆಂದಿತು, ಅಂಗಳದಲ್ಲಿ ಹೆಜ್ಜೆಗಳು. ಪಂಚೆ ಎತ್ತಿ ಕಟ್ಟಿ, ನೇರ ಜಗಲಿಗೆ ಬಂದು ನಿಂತ. ಅವನ ಕಣ್ಣು ಮೊದಲು ಹುಡುಕಿದ್ದು ನನ್ನನ್ನೇ. ನಾನು ದತ್ತಣ್ಣನ ಹಿಂದೆ ಸರಿದೆ. ದತ್ತಣ್ಣ ನನಗಿಂತ ಗಿಡ್ಡ, ಪೂರ್ತಿ ಮರೆಯಾಗಲಿಲ್ಲ.

ತಿಮ್ಮಪ್ಪ ಅಣ್ಣನ ಕಡೆ ತಿರುಗಿದ. "ಕರ್ದದ್ದು ಯಾರು?"

ಒಂದು ಕ್ಷಣ ನನ್ನ ಎರಡೂ ಭುಜ ಅಂದೇ ಹೋಯಿತೆಂದುಕೊಂಡೆ.

ಸುಬ್ರಾಯ ನಾಯ್ಕರು ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡರು. "ನಾನಲ್ದೆ ಮತ್ಯಾರು?" ಎಂದರು.

ತಿಮ್ಮಪ್ಪನಿಗೆ ಗೊತ್ತಿತ್ತು. ನನ್ನ ಮುಖ ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು. ಅವನು ನನ್ನನ್ನು ನೋಡಿದ, ಅಣ್ಣನನ್ನು ನೋಡಿದ, ಬಚ್ಚಲಬಾಗಿಲಲ್ಲಿ ಸೌಟು ಹಿಡಿದು ಕೂತಿದ್ದ ಅತ್ತಿಗೆಯನ್ನು ನೋಡಿದ.

"ಎಂತಕ್ಕೆ ಬಂದ್ ಮಾಡೂದು?" ಎಂದ, ದನಿ ಇಳಿಸಿ.

"ಸವಿತಾ ನಾಳೆ ಬತ್ತದೆ, ಮಗು ತಕಂಡು" ಎಂದಳು ನಾಗವೇಣಕ್ಕ. "ಈ ನಳ ಬಿಡೂದಿಲ್ಲ ತಿಮ್ಮಪ್ಪ."

"ಇನ್ನೊಂದ್ಸಲ ಹಾಕಿ ನೋಡ್ಬೇಕಂತೆ" ಎಂದರು ಸುಬ್ರಾಯ ನಾಯ್ಕರು. "ದತ್ತಣ್ಣಂಗೆ."

ತಿಮ್ಮಪ್ಪ ಆಚೆ ಹೋದ. ಈ ಸಲ ಸುಬ್ರಾಯ ನಾಯ್ಕರೇ ಗೋಡೆಯ ಹತ್ತಿರ ಹೋಗಿ ಗಂಟಲು ಸರಿಮಾಡಿಕೊಂಡು ಕೂಗಿದರು: "ಈಗ ಹಾಕು ತಮಾ." ನಿಜ ಹೇಳುತ್ತೇನೆ, ಅವರ ದನಿ ಅವರದ್ದರಂತೆ ಇರಲೇ ಇಲ್ಲ. ನನ್ನದೇ ಚೆನ್ನಾಗಿತ್ತು.

ಕಟ ಕಟ. ಟೆಸ್ಟರು ಉರಿಯಿತು. ಬಂದ್. ಆರಿತು.

ಆಮೇಲೆ ಗೋಡೆಯ ಎರಡೂ ಬದಿಗೆ ಏಣಿ ಇಟ್ಟೆವು. ದತ್ತಣ್ಣ ಎರಡೂ ಮನೆಯ ಫ್ಯೂಸು ಜೇಬಿಗೆ ಹಾಕಿಕೊಂಡರು. ಒಂದು ಕಡೆ ಅವರು, ಇನ್ನೊಂದು ಕಡೆ ನಾನು, ತೊಲೆಯ ಮಸಿ ಒರೆಸುತ್ತ ಹೋದಂತೆ ಕಥೆಯೆಲ್ಲ ಬಿಚ್ಚಿಕೊಂಡಿತು. ಹಿಸ್ಸೆಯಾದಾಗ ತಿಮ್ಮಪ್ಪನ ಹೊಸ ಮೀಟರಿನಿಂದ ಆ ಹಳೆಯ ಫ್ಯಾನಿಗೆ ಕರೆಂಟು ಬರುವ ವಯರನ್ನು ಮಾತ್ರ ಕೊಟ್ಟಿದ್ದರು. ಕರೆಂಟು ಹಿಂದಿರುಗುವ ವಯರು ಮೊದಲಿನಂತೆಯೇ ಗೋಡೆಯ ಮೇಲಿಂದ ಹಾದು ಅಣ್ಣನ ಮನೆಗೇ ಬಂದು ಸೇರುತ್ತಿತ್ತು. ಒರಳು, ಬೀಸುಕಲ್ಲು, ತೆಂಗಿನಮರ ಎಲ್ಲವನ್ನೂ ಹಂಚಿದ ಹಿರಿಯರಿಗೆ ಈ ತಂತಿಯನ್ನೂ ಹಂಚಬೇಕೆಂದು ಹೊಳೆದಿರಲಿಲ್ಲ. ಎಷ್ಟೋ ವರ್ಷ ಏನೂ ಆಗಲಿಲ್ಲ. ಆಮೇಲೆ ಉಪ್ಪುಗಾಳಿ ಅಲ್ಲಿನ ಗಂಟನ್ನು ತಿಂದು ಪುಡಿಮಾಡಿತು. ಅದೇ ಗಂಟಿನಿಂದ ಹಿಂದಿನ ಕಾಲದವರು ಇನ್ನೊಂದು ತಂತಿಯನ್ನು ನೀರಿನ ಕಬ್ಬಿಣದ ಪೈಪಿಗೆ ಬಿಗಿದಿದ್ದರು, ಅರ್ಥಿಂಗ್ ಎಂದು. ತಮ್ಮನ ಫ್ಯಾನು ತಿರುಗಿಸಿ ಬಂದ ಕರೆಂಟಿಗೆ ಸರಿಯಾದ ದಾರಿ ಸಿಗದೆ, ಸ್ವಲ್ಪ ಅಣ್ಣನ ಮೇನಿನ ಮೂಲಕ, ಉಳಿದದ್ದು ಅಣ್ಣನ ನಳದ ಮೂಲಕ ಭೂಮಿಗೆ ಇಳಿಯುತ್ತಿತ್ತು. ತನ್ನದಲ್ಲದ ಕರೆಂಟು ಕಂಡು ಟ್ರಿಪ್ಪರು ಬೀಳುತ್ತಿತ್ತು. ಅದು ಬಿದ್ದು ಆ ದಾರಿಯೂ ಕಡಿದಮೇಲೆ ಪೂರ್ತಿ ಹೊರೆ ನಳಕ್ಕೆ. ಪೆಟ್ಟಿಗೆ ಸರಿಯಾಗಿಯೇ ಇತ್ತು. ಕಂಪನಿಯವರಿಗೆ ಬೈದ ಬೈಗುಳವನ್ನು ನಾನು ಇಲ್ಲಿ ಹಿಂತೆಗೆದುಕೊಳ್ಳುತ್ತೇನೆ.

ಏಣಿಯ ಕೆಳಗಿಂದ ತಿಮ್ಮಪ್ಪ ಕೇಳಿದ: "ಹಂಗಾರೆ ದತ್ತಣ್ಣ, ಕರೆಂಟು ಬಿಟ್ಟದ್ದು ನಾನಲ್ಲ?"

"ನೀನಲ್ಲ. ನಿನ್ ಫ್ಯಾನು."

ತಿಮ್ಮಪ್ಪ ಅಣ್ಣನ ಮುಖ ನೋಡಲಿಲ್ಲ; ಆದರೆ ಅಲ್ಲಿಂದ ಹೋಗಲೂ ಇಲ್ಲ. ಸುಬ್ರಾಯ ನಾಯ್ಕರು ಗೋಡೆಯ ಮೇಲಿಂದ ಕಾಣುತ್ತಿದ್ದ ಆ ಹಳೆಯ ಫ್ಯಾನಿನತ್ತ ಬೆರಳೆತ್ತಿ ಎಂದರು:

"ಅಪ್ಪ ತಂದ ಫ್ಯಾನು ಅದು. ಇಷ್ಟು ಕಟಕಟ ಅಂತದೆ. ಒಂದು ಹನಿ ಎಣ್ಣೆ ಬಿಡೂಕೆ ಆಗೂದಿಲ್ವ ನಿಂಗೆ? ಸಣ್ಣಿದ್ದಾಗಿಂದ ಹಿಂಗೇ ನೀನು."

"ನಿನ್ ಅಂಗಡಿಲಿ ಎಣ್ಣೆ ಇಲ್ವ? ಕೊಟ್ಟು ಬೈ" ಎ‌ಂದ ತಿಮ್ಮಪ್ಪ.

ಜಗಳ ಮುಗಿದದ್ದು ಹೀಗೆ. ಕ್ಷಮೆ ಗಿಮೆ ಎಂದು ಯಾರೂ ಕೇಳಲಿಲ್ಲ. ನಾನು ಮೇಲೆ ತೊಲೆಗೆ ಆತುಕೊಂಡು ಒಂದು ದೊಡ್ಡ ಉಸಿರು ಬಿಟ್ಟೆ. ಮಸಿಯೆಲ್ಲ ಹಾರಿ ನನ್ನ ಮುಖದ ಮೇಲೇ ಬಂದು ಕೂತಿತು.

ಮುಂದಿನ ಕೆಲಸ ಓಟದ ಕೆಲಸ. ತಿಮ್ಮಪ್ಪನ ಫ್ಯಾನಿನ ಹಿಂದಿರುಗುವ ವಯರನ್ನು ಅವನ ಮೀಟರಿಗೇ ಸೇರಿಸಿದೆವು. ಗೋಡೆ ದಾಟುವ ತಂತಿಗಳನ್ನೆಲ್ಲ ಕಡಿದೆವು. ಪೈಪಿಗೆ ಬಿಗಿದ ಹಳೆಯ ತಂತಿ ಕಿತ್ತು, ಬಚ್ಚಲಿಗೆ ಪ್ಲಾಸ್ಟಿಕ್ ಪೈಪು ಹಾಕಿಸಿದೆವು. ಇಬ್ಬರ ಮನೆಗೂ ಬೇರೆ ಬೇರೆ ಅರ್ಥಿಂಗ್ ಗುಂಡಿ ತೋಡಬೇಕಾಯಿತು. ಗುಂಡಿಗೆ ಇದ್ದಿಲು ಬೇಕು, ಉಪ್ಪು ಬೇಕು. ಇದ್ದಿಲನ್ನು ತಿಮ್ಮಪ್ಪ ಟೆಂಪೋದಲ್ಲಿ ತಂದ, ಉಪ್ಪು ಸುಬ್ರಾಯ ನಾಯ್ಕರ ಅಂಗಡಿಯಿಂದ ಬಂತು. ಅಣ್ಣನ ಗುಂಡಿಗಿಂತ ತನ್ನ ಗುಂಡಿ ಆಳ ಕಡಿಮೆಯಾಗಬಾರದೆಂದು ತಿಮ್ಮಪ್ಪ ಹಾರೆ ಬಿಡಲೇ ಇಲ್ಲ. ದತ್ತಣ್ಣ ಮೇಲೆ ನಿಂತು, "ಸಾಕೋ ಮಾರಾಯ, ಇನ್ನೊಂದು ಬಾವಿ ಆಗ್ತದೆ" ಎಂದು ಕೂಗಬೇಕಾಯಿತು.

ಮರುದಿನ ಬಾಣಂತಿ ಬರುವ ಮೊದಲು ಪರೀಕ್ಷೆ. ಎರಡೂ ಮನೆಯ ಫ್ಯಾನು, ಪಂಪು, ದೀಪ, ಟೀವಿ ಎಲ್ಲ ಹಾಕಿಸಿದೆವು. ಟ್ರಿಪ್ಪರು ಅಲ್ಲಾಡಲಿಲ್ಲ. ನಳದ ಮೇಲೆ ಟೆಸ್ಟರು ಉರಿಯಲಿಲ್ಲ. ಆದರೂ ನಾಗವೇಣಕ್ಕನಿಗೆ ನಂಬಿಕೆ ಬರಲಿಲ್ಲ. ಇರುವೆಯ ಭಾಷಣ ಆಕೆಗೆ ನೆನಪಿತ್ತೆಂದು ಕಾಣುತ್ತದೆ. "ಯಾರಾದ್ರೂ ಮುಟ್ಟಿ ನೋಡಿ" ಎಂದಳು.

ತಿಮ್ಮಪ್ಪ ಚಪ್ಪಲಿ ಬಿಟ್ಟು, ಒದ್ದೆ ನೆಲದ ಮೇಲೆ ನಿಂತು, ನಳವನ್ನು ಬಿಗಿಯಾಗಿ ಹಿಡಿದ. "ನನ್ ಫ್ಯಾನಿಂದ್ ಅಲ್ವ, ನಾನೇ ಹಿಡೀತೆ." ಸುಬ್ರಾಯ ನಾಯ್ಕರು ಒಂದು ಕ್ಷಣ ನೋಡಿ, ತಾವೂ ಚಪ್ಪಲಿ ಬಿಟ್ಟು ಹೋಗಿ ಅದೇ ನಳದ ಮೇಲೆ, ತಮ್ಮನ ಕೈಯ ಪಕ್ಕದಲ್ಲಿ ಕೈ ಇಟ್ಟರು. ಇಬ್ಬರು ದೊಡ್ಡ ಗಂಡಸರು ಬಾಣಂತಿಯ ಬಚ್ಚಲಲ್ಲಿ ಒಂದೇ ನಳ ಹಿಡಿದು ಶಾಕಿಗಾಗಿ ಕಾಯುತ್ತ ನಿಂತಿದ್ದರು. ಶಾಕು ಬರಲಿಲ್ಲ.

ಮಧ್ಯಾಹ್ನ ತಿಮ್ಮಪ್ಪನೇ ಕುಮಟೆಗೆ ಹೋಗಿ ಸವಿತಾಳನ್ನೂ ಮಗುವನ್ನೂ ಬಾಡಿಗೆ ಕಾರಿನಲ್ಲಿ ಕರೆತಂದ. ಮಗು ನಿದ್ದೆಯಲ್ಲಿತ್ತು, ಎಲ್ಲರೂ ಮುಖ ನೋಡಿ ಯಾರಂತಿದೆ ಎಂದು ವಾದ ಮಾಡಿದರು. ನಾನೂ ದತ್ತಣ್ಣನೂ ಜಗಲಿಯಲ್ಲಿ ಸಾಮಾನು ಕಟ್ಟುವ ನೆವದಲ್ಲಿ ಉಳಿದುಕೊಂಡೆವು. ಕಟ್ಟುವುದು ಎಷ್ಟು ಹೊತ್ತಾದರೂ ಮುಗಿಯಲಿಲ್ಲ. ಹಂಡೆಯ ನೀರು ಕಾಯಿತು. ನಾಗವೇಣಕ್ಕ ಮಗುವಿಗೆ ಎಣ್ಣೆ ಹಚ್ಚಿ ಎತ್ತಿಕೊಂಡು ಬಚ್ಚಲಿಗೆ ಹೋದಳು, ಬಾಗಿಲು ಮುಂದೆ ಮಾಡಿಕೊಂಡಳು. ಸೌಟು ಅಡುಗೆಮನೆಯ ಗೂಟದಲ್ಲೇ ಇತ್ತು. ನಳದಿಂದ ತಣ್ಣೀರು ಹಂಡೆಗೆ ಬೀಳುವ ಸದ್ದು ಕೇಳಿತು.

ಆಗ ಮಗು ಕಿರುಚಿತು.

ಎಂಥ ಕಿರುಚು ಅದು! ದತ್ತಣ್ಣ ಕೈಯಲ್ಲಿದ್ದ ಇಕ್ಕಳ ಬಿಸಾಡಿ ಓಡಿದರು, ನಾನು ಅವರ ಹಿಂದೆ, ಅಂಗಳದಿಂದ ತಿಮ್ಮಪ್ಪ, ಅಂಗಡಿಯಿಂದ ಸುಬ್ರಾಯ ನಾಯ್ಕರು. ನಾಲ್ವರೂ ಬಚ್ಚಲಬಾಗಿಲಿಗೆ ಒಟ್ಟಿಗೆ ಡಿಕ್ಕಿ ಹೊಡೆದೆವು.

"ಎಂತಾತು? ನಳವಾ? ನಳವಾ?" ಸುಬ್ರಾಯ ನಾಯ್ಕರು ಬಾಗಿಲು ಬಡಿದರು.

ಒಳಗಿಂದ ನಾಗವೇಣಕ್ಕ ಗದರಿದಳು: "ಎಂತ ನಳ! ಕಡ್ಲೆಹಿಟ್ಟು ಕಣ್ಣಿಗೆ ಹೋಯ್ತು, ಅಷ್ಟೇಯ. ಮಗು ಅಳೂದನ್ನ ಯಾವತ್ತೂ ಕೇಳಿಲ್ವ ನೀವು? ಹೋಗ್ರಿ ಎಲ್ಲ, ಗಂಡಸರಿಗೆಂತ ಕೆಲ್ಸ ಇಲ್ಲಿ!"

ಹೋಗಲಿಲ್ಲ. ದತ್ತಣ್ಣ ಗೋಡೆಗೊರಗಿ ನೆಲದ ಮೇಲೇ ಕೂತರು. ಅವರ ಪಕ್ಕ ನಾನು. ಅಣ್ಣತಮ್ಮಂದಿರು ಹೊಸ್ತಿಲ ಮೇಲೆ. ಒಳಗೆ ಮಗು ಇಡೀ ಹಳದೀಪುರಕ್ಕೆ ಕೇಳುವಂತೆ, ಸಿಟ್ಟಿನಿಂದ, ಗಟ್ಟಿಯಾಗಿ ಅಳುತ್ತಿತ್ತು. ನಾವು ನಾಲ್ವರೂ ಪೆದ್ದರಂತೆ ನಗುತ್ತ ಅದನ್ನು ಕೇಳಿಸಿಕೊಳ್ಳುತ್ತ ಕೂತಿದ್ದೆವು.